ಎರಡನೇ ಅಚ್ಚು

ಅಲ್ಲಾಡ್ಬೇಡ ಅಂದ್ನಲ್ಲ! ಮಾತೂ ಬೇಡ. ಬಾಯಿ ತೆರೆದ್ರೆ ಎದೆ ಏಳುತ್ತೆ, ಎದೆ ಎದ್ರೆ ಬೆನ್ನು ಜಾರುತ್ತೆ, ಅಚ್ಚು ಹೋಯ್ತು ಅಂತ್ಲೇ ಲೆಕ್ಕ. ಇಪ್ಪತ್ತು ನಿಮಿಷ. ಕೀ ಕೊಟ್ಟ ಗಡಿಯಾರ ಇಗೋ ಇಲ್ಲಿ, ನೀನು ಮಲಗಿರೋ ತೊಟ್ಟಿ ಅಂಚಲ್ಲೇ ಇಟ್ಟಿದ್ದೀನಿ. ಅದು ಹೊಡೆಯೋವರೆಗೂ ನೀನು ಗಗನಯಾತ್ರಿ ಅಲ್ಲ, ಗಾರೆಯಲ್ಲಿ ಹೂತ ಕಲ್ಲು. ತಿಳೀತಾ ಮಗಳೇ? ಅಯ್ಯೋ, ತಲೆ ಆಡಿಸ್ಬೇಡ್ವೇ! ಕಣ್ಣು ಮಿಟುಕಿಸು, ಸಾಕು.

ಪ್ಲಾಸ್ಟರ್ ತಣ್ಣಗಿದೆಯಾ? ಹುಬ್ಬು ಗಂಟಾಯ್ತು, ಅಂದ್ರೆ ತಣ್ಣಗಿದೆ. ಸ್ವಲ್ಪ ತಡಿ, ತಾನೇ ಬೆಚ್ಚಗಾಗುತ್ತೆ. ನಿನ್ನೆಯೂ ಹಾಗೇ ಆಯ್ತಲ್ಲ...

ನಿನ್ನೆ ತೆಗೆದ ಅಚ್ಚು... ಹೂಂ. ಬಿರುಕು ಬಿಡ್ತು. ಏನ್ಮಾಡೋದು! ಮೂವತ್ತು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಅಚ್ಚು ಕೆಟ್ಟಿದ್ದಿಲ್ಲ. ಇಂಜಿನಿಯರ್ ಸಾಹೇಬ್ರು ಸುತ್ತ ಬಂದು ಬಂದು ನೋಡಿದ್ರು. "ಎಲ್ಲಿ ಮೇಸ್ತ್ರಿ ಬಿರುಕು?" ಅಂದ್ರು. "ಕಣ್ಣಿಗೆ ಕಾಣಲ್ಲ ಸಾರ್, ಕೈಗೆ ತಿಳಿಯುತ್ತೆ" ಅಂದೆ. ಓದಿದೋರು ನೋಡು, ನಂಬಿಬಿಟ್ರು!

ಯಾಕೆ ನಗ್ತಿದ್ದೀಯಾ? ನಗ್ಬೇಡ! ಹೊಟ್ಟೆ ಕುಲುಕ್ತಿದೆ! ಇದು ತಮಾಷೆ ಅಲ್ಲಮ್ಮ. ಆಕಾಶದಿಂದ ವಾಪಸ್ ಬರುವಾಗ ನೀನು ಕೂತ ಡಬ್ಬಿ ನೆಲಕ್ಕೆ ಬಡಿಯುತ್ತಲ್ಲ, ಆಗ ನಿನ್ನ ಬೆನ್ನಿನ ಒಂದೊಂದು ಮೂಳೆಗೂ ಆಸರೆಯಾಗಿ ಇರೋದು ಈ ಅಚ್ಚಿಂದ ಮಾಡಿದ ಸೀಟೊಂದೇ.

ಆ ಮೂಲೇಲಿ ಏನು ನೋಡ್ತೀಯಾ? ಬಟ್ಟೆ ಮುಚ್ಚಿದ್ದಾ? ಅದು... ಹಳೇ ಸಾಮಾನು. ನೀನು ಸೂರು ನೋಡು.

ನಿಮ್ಮಮ್ಮ ಏನಂದ್ಲು ಗೊತ್ತಾ? "ಚಿಕ್ಕವಳಿದ್ದಾಗ ಸ್ನಾನಕ್ಕೆ ಬಾ ಅಂದ್ರೆ ಮಂಚದಡಿ ನುಗ್ತಿದ್ದವಳು, ಈಗ ದಿನಕ್ಕೆ ಆರು ಗಂಟೆ ನೀರೊಳಗಿದ್ದು ಬೋಲ್ಟು ಬಿಗೀತಾಳಂತೆ. ಮನೆ ನಲ್ಲಿ ಮೂರು ತಿಂಗಳಿಂದ ಸೋರ್ತಿದೆ, ಅದನ್ನ ಬಿಗಿಯೋಕೆ ಪುರುಸೊತ್ತಿಲ್ಲ!" ಅವಳಿಗೆ ಹೆಂಗೆ ಹೇಳ್ಲಿ, ಆ ಕೊಳ ಬರೀ ಅಭ್ಯಾಸಕ್ಕೆ, ಆಕಾಶದಲ್ಲಿ ತೇಲ್ತಾ ರಿಪೇರಿ ಮಾಡೋದು ರೂಢಿಯಾಗೋಕೆ ಅಂತ? ಹೇಳ್ದೆ. "ಹಾಗಾದ್ರೆ ನಲ್ಲೀಲೂ ಅಭ್ಯಾಸ ಮಾಡ್ಲಿ" ಅಂದ್ಲು.

ಮತ್ತೆ ಆ ಗಿರಗಿರ ತಿರುಗಿಸೋ ಯಂತ್ರ! ನಿನ್ನ ತೂಕದ ಎಂಟರಷ್ಟು ಭಾರ ಎದೆ ಮೇಲೆ ಕೂರುತ್ತಂತೆ. ನಾನು ಕಿಟಕೀಲಿ ನೋಡ್ದೆ. ಕೆನ್ನೆ ಎರಡೂ ಕಿವಿ ಹತ್ರ ಹೋಗಿತ್ತು! ಮೂಗು ಮಾತ್ರ ಜಾಗ ಬಿಟ್ಟಿರ್ಲಿಲ್ಲ. ಅದು ನನ್ನ ಮೂಗಿನ ಪಡಿಯಚ್ಚಲ್ವಾ, ಗಟ್ಟಿ! ಉದ್ಯಾನದ ತಿರುಗು ಕುದುರೆ ಮೇಲೆ ಎರಡೇ ಸುತ್ತಿಗೆ ನನ್ನ ಹೊಸ ಅಂಗಿ ಮೇಲೆ ವಾಂತಿ ಮಾಡಿದ್ದೆ ನೀನು. ನೆನಪಿದೆಯಾ? ಕಣ್ಣು ಮುಚ್ಕೋಬೇಡ, ಇದೆ ನೆನಪು.

ತಲೆ ಮೇಲೆ ಮೂರು ಬೆರಳು ಜಾಗ ಬಿಟ್ಟಿದ್ದೀನಿ. ಅಲ್ಲಿ ಮೇಲೆ ಭಾರವಿಲ್ದೆ ತೇಲ್ತಿದ್ರೆ ಬೆನ್ನು ಉದ್ದ ಆಗುತ್ತಂತಲ್ಲ. ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲ್ ಗೀಟು ಹಾಕುವಾಗ ಹಿಮ್ಮಡಿ ಎತ್ತಿ ಮೋಸ ಮಾಡ್ತಿದ್ದೆ, ಕಳ್ಳಿ! ಈ ಸಲ ಮೋಸ ಮಾಡದೆ ಬೆಳೀತೀಯ. ಬಂದ ತಕ್ಷಣ ಗೀಟು ಹಾಕ್ತೀನಿ, ಆಮೇಲೆ ಕುಗ್ಗಿಬಿಡ್ತೀಯಂತೆ. ಬಂದ ತಕ್ಷಣ... ಬರ್ತೀಯಲ್ಲ, ಬಂದ ತಕ್ಷಣ.

ಓ, ಹೊಡೆದೇಬಿಡ್ತು! ಎಷ್ಟು ಬೇಗ! ಸರಿ, ಈಗ ಮಾತಾಡ್ಬಹುದು. ಏಳಲೂಬಹುದು.

ಏಳೇ. ಏನಾಯ್ತು? ಬೆನ್ನು ಹಿಡ್ಕೊಂಡಿದೆಯಾ? ಯಾರಾದ್ರೂ ಏನಾದ್ರೂ ಅಂದ್ರಾ?... ಮತ್ತೆ ಆ ಬಟ್ಟೆ ಕಡೆ ಯಾಕೆ ನೋಡ್ತೀಯಾ? ಹಳೇ ಸಾಮಾನು ಅಂದ್ನಲ್ಲ. ಹಾಗೆ ನೋಡ್ಬೇಡ... ನಿಮ್ಮಮ್ಮನ ಹಾಗೆ ನೋಡ್ಬೇಡ!

ಸರಿ. ಬಿರುಕಿಲ್ಲ. ಕೂದಲೆಳೆಯಷ್ಟೂ ಇಲ್ಲ. ನಿನ್ನೆ ತೆಗೆದ ಅಚ್ಚೇ ಅದು, ಇಷ್ಟು ವರ್ಷದಲ್ಲಿ ನಾನು ತೆಗೆದ ಅಚ್ಚಲ್ಲೆಲ್ಲ ಅದೇ ಚೆನ್ನಾಗಿರೋದು. ಸೀಟಿಗೆ ಅದೇ ಹೋಗುತ್ತೆ. ಈಗ ಸಮಾಧಾನವಾ?

ನಿನ್ನೆ ಈ ಕೋಣೇಲಿ ಒಂಬತ್ತು ಜನ ಇದ್ರು. ಡಾಕ್ಟ್ರು, ಫೋಟೋದವನು, ಯಾರ್ಯಾರೋ. ನೀನೂ ಅವರ ಜೊತೆ ಸೇರ್ಕೊಂಡು ನನ್ನ ಅಪ್ಪ ಅನ್ನದೆ "ಮೇಸ್ತ್ರಿಗಳೇ" ಅಂದೆ. ನಾಳೆಯಿಂದ ಹದಿನಾಲ್ಕು ದಿನ ಗಾಜಿನಾಚೆ, ಸೋಂಕು ತಗುಲಬಾರದು ಅಂತ. ಆಮೇಲೆ ಆರು ತಿಂಗಳು... ನಿನ್ನನ್ನ ಇಪ್ಪತ್ತು ನಿಮಿಷ ಒಂದು ಕಡೆ ನಿಲ್ಲಿಸೋಕೆ ನಂಗೆ ಇದೊಂದೇ ವಿದ್ಯೆ ಗೊತ್ತಿರೋದು. ಸಿಕ್ಕಿದ ಇಪ್ಪತ್ತು ನಿಮಿಷಾನೂ ನಲ್ಲಿ, ವಾಂತಿ, ಮೂಗು ಅಂತ ಕಳೆದೆ. ಹೇಳ್ಬೇಕಿದ್ದು ಹೇಳ್ಲೇ ಇಲ್ಲ.

ಏಳಮ್ಮ, ನಿನಗೆ ಹೊತ್ತಾಗುತ್ತೆ. ಕೈ ಕೊಡು... ಇತ್ತ ಕಣೇ, ನನ್ನ ಕಡೆ! ಅತ್ತ ಯಾಕೆ ಚಾಚ್ತೀಯಾ? ಏಯ್... ಗಡಿಯಾರಕ್ಕೆ ಯಾಕೆ ಕೀ ಕೊಡ್ತಿದ್ದೀಯಾ?

ಮತ್ತೆ ಇಪ್ಪತ್ತು ನಿಮಿಷಕ್ಕಾ?