ಸ್ಟೇರಿಂಗಿನ ಆಟ

ಚನ್ನಪಟ್ಟಣದ ಬಸ್ ನಿಲ್ದಾಣದಲ್ಲಿ ನಾನು ಕೂತಿದ್ದ ಕಲ್ಲುಬೆಂಚಿನ ಇನ್ನೊಂದು ತುದಿಯಲ್ಲಿ ಲಕ್ಕಯ್ಯ ಎಂಬುವವರು ತಮ್ಮ ಭಾವಮೈದ ಚಿಕ್ಕರಾಜುವನ್ನು ವಿಚಾರಿಸಿಕೊಳ್ಳುತ್ತಿದ್ದರು.

“ನಾಳೆ ನನ್ನ ಮಗಳು ವರಲಕ್ಷ್ಮೀನೂ ಅವಳ ಕೂಸನ್ನೂ ಆಸ್ಪತ್ರೆಯಿಂದ ನಿನ್ನ ಜೀಪಲ್ಲೇ ಕೂಟಗಲ್ಲಿಗೆ ಕರ್ಕೊಂಡೋಗ್ಬೇಕು ಕಣ್ಲಾ. ಸ್ಟೇರಿಂಗ್ ರಿಪೇರಿ ಮಾಡಿಸ್ದ್ಯಾ?”

“ಮಾಡಿಸ್ದೆ ಭಾವ. ಸ್ಟೇರಿಂಗ್ ಕಂಬದೊಳಗೆ ಬುಶ್ ಅನ್ನೋ ಬಳೆ ಸವೆದೈತೆ, ಅದಕ್ಕೇ ಲೊಡಲೊಡ ಅಲ್ಲಾಡ್ತೈತೆ, ಆಟ ಜಾಸ್ತಿ ಅಂದ ಮೆಕ್ಯಾನಿಕ್ಕು.”

“ಹೊಸ ಬುಶ್ ಹಾಕಿದ್ನಾ?”

“ಅಷ್ಟು ಹಳೇ ಗಾಡಿಗೆ ಎಲ್ಲಿ ಸಿಕ್ತದೆ? ಆಟ ಅಂದ್ನಲ್ಲ, ಬೊಂಬೆ ಮಾಡೋ ಮುನಿಕೃಷ್ಣನ ತಾವ ಹೋದೆ. ಮರದಲ್ಲಿ ಕಡ್ದು, ಅರಗಿನ ಬಣ್ಣ ಹಾಕಿ ಕೊಟ್ಟ.”

“ಮರದ್ದಾ?”

“ಕೆಂಪು, ಹಳದಿ ಪಟ್ಟೆ. ನೋಡೋಕೂ ಚೆಂದ. ಒಸೀನೂ ಅಲ್ಲಾಡಕಿಲ್ಲ.”

“ಮತ್ತೆ ನೀನ್ಯಾಕ್ಲಾ ಬಸ್ಸಿಗೆ ಕಾಯ್ತಾ ಕುಂತಿದ್ದೀಯ?”

ಚಿಕ್ಕರಾಜು ರಸ್ತೆಯ ಕಡೆ ನೋಡಿದ.

“ಬುಶ್ ಒಸಿ ಕುಂತ್ಕೊಳ್ಳಲಿ ಅಂತ ಗಾಡಿ ನಿಲ್ಸಿವ್ನಿ ಭಾವ.”

ಕೂಟಗಲ್ ಬಸ್ ಬಂತು. ಲಕ್ಕಯ್ಯ ಟವೆಲ್ ಕೊಡವಿ ಎದ್ದರು.

“ನಾಳೆ ಆಟೋಗೆ ಹೇಳ್ತೀನಿ ಬುಡು. ನೀನು ಅದನ್ನ ಬಿಚ್ಕೊಂಡು ಬಾ, ಮಗೀಗೆ ಆಟಕ್ಕಾಯ್ತದೆ.”

ಚಿಕ್ಕರಾಜು ಮೊದಲು ಹತ್ತಿ, ಇಬ್ಬರಿಗೂ ಸೀಟು ಹಿಡಿದ.