ಎಡಕ್ಕೆ ವಾಲಿದ ದೀಪ

ಮಾನ್ಯ ಅಧ್ಯಕ್ಷರಾದ ಪದ್ಮನಾಭ ರಾಯರೇ, ಕೊಯಾಲಿಯ ರಿಫೈನರಿಯಿಂದ ಬಿಡುವು ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿಗಳಾದ ಇಂಜಿನಿಯರ್ ಹರಿಪ್ರಸಾದರೇ, ಬರೋಡದಲ್ಲಿದ್ದೂ ಕನ್ನಡ ಮರೆಯದ ಸಭಿಕರೇ, ಹಿಂದಿನ ಸಾಲಿನಲ್ಲಿ ಗುಜರಾತಿಯಲ್ಲಿ ಪಿಸುಗುಟ್ಟುತ್ತಿರುವ ಅವರ ಮಕ್ಕಳೇ,

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಎದುರಿನ ಗೋಡೆಯ ಗಡಿಯಾರ ನಾಲ್ಕು ನಿಮಿಷ ಮುಂದೆ ಓಡುತ್ತಿದೆ. ಗಡಿಯಾರದ ಅಂಗಡಿಯವರೇ ನಡೆಸುವ ಸಮಾರಂಭದಲ್ಲಿ ಇದನ್ನು ಯಾರೂ ಗಮನಿಸಿಲ್ಲ ಎನ್ನುವುದು ನನ್ನ ಮೊದಲನೆಯ ದೂರು. ಇನ್ನೂ ಕೆಲವು ದೂರುಗಳಿವೆ. ಅವನ್ನು ಹಾಳೆಯ ಮೇಲೆ ಬರೆದುಕೊಂಡು ಬಂದಿದ್ದೇನೆ.

ಮೂವತ್ತೈದು ವರ್ಷಗಳಲ್ಲಿ ಈ ಕನ್ನಡ ಸಂಘದವರು ನನ್ನನ್ನು ಹಲವು ಸಲ ಕರೆದಿದ್ದಾರೆ. ಕೋಸಂಬರಿಗೆ ಹೆಸರುಬೇಳೆ ನೆನೆಸಲು ಕರೆದಿದ್ದಾರೆ, ಆರತಿ ತಟ್ಟೆ ತರಲು ಕರೆದಿದ್ದಾರೆ. ವೇದಿಕೆಯ ಮೇಲೆ ಕುರ್ಚಿ ಹಾಕಿ ಕರೆದದ್ದು ಇದೇ ಮೊದಲು. ಈಗ ಶಾಲನ್ನೂ ಹೊದಿಸಿದರು. ಶಾಲು ಹೊದಿಸಿದವರು ಏನನ್ನೋ ಕೇಳಲಿಕ್ಕಿದ್ದಾರೆ ಎಂದು ನನ್ನ ಅತ್ತೆ ಹೇಳುತ್ತಿದ್ದರು. ಇದುವರೆಗೆ ಯಾರೂ ಏನನ್ನೂ ಕೇಳಿಲ್ಲ. ನಾನು ಕಾಯುತ್ತಿದ್ದೇನೆ.

ಸಂದರ್ಭ ನಿಮಗೆಲ್ಲ ತಿಳಿದದ್ದೇ. ನನ್ನ ಯಜಮಾನರು, ದಿವಂಗತ ನಾರಾಯಣ ಆಚಾರ್ಯರು, ರಾವ್‌ಪುರಾದಲ್ಲಿ ವಾಚು ರಿಪೇರಿಯ ಅಂಗಡಿ ತೆರೆದು ಮೂವತ್ತೈದು ವರ್ಷಗಳಾದವು. ಆ ನೆನಪಿಗೆಂದು, ಈಗ ಅಂಗಡಿ ನಡೆಸುತ್ತಿರುವ ನನ್ನ ಮಗ ಅಚ್ಯುತ ಮೂವತ್ತೈದು ಕೈಗಡಿಯಾರಗಳನ್ನು ಮಾಡಿಸಿದ್ದಾನೆ. ಚಿನ್ನದ ಕವಚ, ಸ್ವಿಸ್ ಯಂತ್ರ, ಸೂರತ್ತಿನಿಂದ ಬಂದ ಮಖಮಲ್ಲಿನ ಪೆಟ್ಟಿಗೆ. ಬೆಲೆ ಎಷ್ಟು ಎಂದು ಕೇಳಿದೆ. "ಅದು ಅಭಿಮಾನಿಗಳಿಗಾಗಿ, ಅಮ್ಮ" ಎಂದ. ನಾನು ಕೇಳಿದ ಪ್ರಶ್ನೆಗೆ ಅದು ಉತ್ತರವೇ? ನೀವೇ ಹೇಳಿ.

ಈ ವಾಚುಗಳ ಜೊತೆಗೆ ಒಂದು ಕರಪತ್ರವನ್ನೂ ಅಚ್ಚು ಹಾಕಿಸಿದ್ದಾರೆ. ಅದರಲ್ಲಿ 'ಪರಂಪರೆ' ಎಂಬ ಶಬ್ದ ಆರು ಕಡೆ ಬಂದಿದೆ. ನಾನು ಹೈಸ್ಕೂಲಿನವರೆಗೆ ಓದಿದವಳು. ಎಣಿಸಲು ಅಷ್ಟು ಸಾಕು. ಅಂಗಡಿಯವರ ಬಾಯಲ್ಲಿ ಪರಂಪರೆಯ ಮಾತು ಬಂದರೆ ಗಿರಾಕಿ ಜೇಬು ಮುಟ್ಟಿ ನೋಡಿಕೊಳ್ಳಬೇಕು. ನನ್ನ ಯಜಮಾನರು ಒಮ್ಮೆ ಒಬ್ಬ ಮಿಲ್ಲಿನ ಮಾಲೀಕರ ವಾಚನ್ನು ಹೊರಡುವ ರೈಲಿನ ಮೆಟ್ಟಿಲ ಮೇಲೆ ನಿಂತೇ ರಿಪೇರಿ ಮಾಡಿ ಕೊಟ್ಟರು ಎಂದೂ ಆ ಕರಪತ್ರದಲ್ಲಿದೆ. ಅವರು ನಿಂತು ನೀರನ್ನೂ ಕುಡಿಯುತ್ತಿರಲಿಲ್ಲ. ಆ ವಾಚು ನಮ್ಮ ಮೇಜಿನ ಮೇಲೆ ಒಂಬತ್ತು ದಿನ ಇತ್ತು. ಮಾಲೀಕರ ಆಳು ಎರಡು ಸಲ ಬಂದು ಜಗಳ ಮಾಡಿ ಹೋಗಿದ್ದ. ಇದೂ ಪರಂಪರೆಯೇ ಅಲ್ಲವೆ? ಇದನ್ನೇಕೆ ಅಚ್ಚು ಹಾಕಿಸಲಿಲ್ಲ?

ಯಂತ್ರಗಳು ಎಲ್ಲಿಂದ ಬಂದವು ಎಂದೂ ಕೇಳಿದೆ. ವಿದೇಶಿ ವಾಚು ತರಿಸುವುದು ಈಗ ಎಷ್ಟು ಕಷ್ಟ, ಕಳ್ಳದಾರಿಯಲ್ಲಿ ಬಂದವು ಎಷ್ಟಿವೆ ಎಂಬುದು ನಿಮಗೆಲ್ಲ ಗೊತ್ತು. ಮುಂಬಯಿಯ ವ್ಯಾಪಾರಿಯೊಬ್ಬರ ಹಳೆಯ ದಾಸ್ತಾನು ಎಂದು ಅಚ್ಯುತ ಕಾಗದ ತೋರಿಸಿದ. ಎರಡು ಸಲ ಓದಿದೆ. ಸರಿಯಾಗಿಯೇ ಇತ್ತು. ಚಿನ್ನ ಹದಿನಾಲ್ಕು ಕ್ಯಾರೆಟ್ಟೇ ಎಂದು ಕವಚ ಮಾಡಿದ ಗೋರ್ವಾದ ಕಾರ್ಖಾನೆಯವನು ಬರೆದುಕೊಟ್ಟಿದ್ದ. ನಾನು ಅಕ್ಕಸಾಲಿಗರ ಮನೆಯಲ್ಲಿ ಹುಟ್ಟಿದವಳು. ಬರಹವನ್ನು ನಂಬದೆ ಏಳನೇ ನಂಬರಿನ ವಾಚನ್ನು ಒರೆಗಲ್ಲಿಗೆ ಹಚ್ಚಿ ನೋಡಿದೆ. ಹದಿನಾಲ್ಕೇ. ಎಲ್ಲವೂ ಸರಿ ಇದ್ದರೆ ನನಗೆ ಅನುಮಾನ ಇನ್ನೂ ಹೆಚ್ಚಾಗುತ್ತದೆ. ಹಾಗಾಗಿ ವಾಚನ್ನು ತಿರುಗಿಸಿ ಹಿಂಬದಿ ನೋಡಿದೆ. ಸಿಕ್ಕಿತು.

ಏನು ಸಿಕ್ಕಿತು ಎಂದು ಹೇಳುವ ಮೊದಲು ನಮ್ಮ ಕಸುಬಿನ ಒಂದು ಪದ್ಧತಿಯನ್ನು ತಿಳಿಸಬೇಕು. ವಾಚು ರಿಪೇರಿ ಮಾಡಿದವನು ಹಿಂಮುಚ್ಚಳದ ಒಳಬದಿಯಲ್ಲಿ ಸೂಜಿಯಿಂದ ತನ್ನ ಗುರುತನ್ನೂ ತಾರೀಖನ್ನೂ ಗೀಚುತ್ತಾನೆ. ವಾಚು ಕಟ್ಟಿಕೊಂಡವನಿಗೆ ಅದು ಕಾಣುವುದಿಲ್ಲ. ಮುಂದೆ ಯಾವತ್ತೋ ಅದನ್ನು ಬಿಚ್ಚುವ ಇನ್ನೊಬ್ಬ ರಿಪೇರಿಯವನಿಗೆ ಮಾತ್ರ ಕಾಣುತ್ತದೆ. ನಮ್ಮವರ ಗುರುತು ಒಂದು ದೀಪ. ಹಣತೆಗೆ ಒಂದು ಬಾಗು, ಉರಿಗೆ ಒಂದು ಓರೆ ಗೀಟು. ಬಲಗೈಯಲ್ಲಿ ಬರೆಯುವವರ ಗೀಟಿನಂತೆ ಅವರ ಉರಿ ಬಲಕ್ಕೆ ವಾಲುತ್ತಿತ್ತು. ಸಾವಿರ ವಾಚುಗಳಲ್ಲಿ ನೋಡಿದ್ದೇನೆ. ಬಲಕ್ಕೇ.

ಈ ನೆನಪಿನ ವಾಚುಗಳ ಬೆನ್ನಿನ ಮೇಲೆ ಅದೇ ದೀಪವನ್ನು ಕೊರೆಸಿದ್ದಾರೆ. ಉರಿ ಎಡಕ್ಕೆ ವಾಲಿದೆ. ನಾನು ನೋಡಿದ ಮೂವತ್ತನಾಲ್ಕರಲ್ಲೂ.

ಚಿತ್ರ ಬರೆದವಳು ನನ್ನ ಸೊಸೆ ಗಿರಿಜಾ. ಅಹಮದಾಬಾದಿನಲ್ಲಿ ಬೆಳೆದ ಹುಡುಗಿ, ಇಲ್ಲಿಯೇ ಚಿತ್ರಕಲೆ ಕಲಿತವಳು. ನಾನು ಅವಳನ್ನು ಅಡುಗೆಮನೆಗೆ ಕರೆದು ಕೇಳಿದೆ.

"ಇದೆಂಥದ್ದು ಗಿರಿಜಾ? ದೀಪ ಆ ಕಡೆಗೆ ಬಿದ್ದಿದೆ."

"ಅದು ಬರೋಬರ್ ಇದೆ, ಅತ್ತೆ."

"ನಿನ್ನ ಮಾವನ ಗುರುತು ನನಗೆ ಗೊತ್ತಿಲ್ಲವಾ?"

"ನಿಮಗೆ ಗೊತ್ತಿಲ್ಲದೆ ಮತ್ತೆ ಯಾರಿಗೆ ಗೊತ್ತು, ಅತ್ತೆ?"

ಸೊಸೆಯೊಬ್ಬಳು ಇಷ್ಟು ವಿನಯದಿಂದ ಮಾತಾಡಿದರೆ ಯಾವ ಅತ್ತೆಗೆ ಅನುಮಾನ ಬರುವುದಿಲ್ಲ? ಈ ಸಭೆಯಲ್ಲಿರುವ ಅತ್ತೆಯಂದಿರು ಹೇಳಲಿ. ಕಳೆದ ದೀಪಾವಳಿಯಿಂದ ಇವಳು ಹಳೆಯ ಗಿರಾಕಿಗಳ ಮನೆಗೆ ಹೋಗಿ, ಅವರ ವಾಚುಗಳನ್ನು ಅಂಗಡಿಗೆ ತರಿಸಿ, ಹಿಂಮುಚ್ಚಳ ತೆಗೆಸಿ, ಒಳಗಿನ ಗುರುತುಗಳನ್ನು ಪುಸ್ತಕದಲ್ಲಿ ನಕಲು ಮಾಡಿಕೊಂಡಿದ್ದಳು. ಆಮೇಲೆ ಒಂದು ದಿನ ನನ್ನ ಹತ್ತಿರ ಬಂದು, "ಅತ್ತೆ, ನಲವತ್ತೊಂಬತ್ತರಲ್ಲಿ ಮಾವನ ಕೈಗೆ ಏನಾದರೂ ಪೆಟ್ಟಾಗಿತ್ತಾ?" ಎಂದು ಕೇಳಿದಳು.

"ಎಂಥದ್ದೂ ಆಗಿರಲಿಲ್ಲ. ಸಾರು ಉಕ್ಕುತ್ತಾ ಉಂಟು, ನೋಡು" ಎಂದೆ.

ಅವಳು ಸಾರು ನೋಡಲಿಲ್ಲ. ನಾನು ಬೀನ್ಸ್ ಹೆಚ್ಚುತ್ತಿದ್ದೆ. ಅವಳು ನನ್ನ ಕೈ ನೋಡಿದಳು.

ಇರಲಿ. ಅದು ಈಗಿನ ವಿಷಯವಲ್ಲ. ತಪ್ಪು ಚಿತ್ರವುಳ್ಳ ವಾಚುಗಳನ್ನು ನನ್ನ ಯಜಮಾನರ ಹೆಸರಿನಲ್ಲಿ ಹಂಚಬಾರದು ಎನ್ನುವುದು ಈಗಿನ ವಿಷಯ. ಒಂದನೇ ನಂಬರಿನದನ್ನು ನನ್ನ ಕೈಯಿಂದ ಮುಖ್ಯ ಅತಿಥಿಗಳಿಗೆ ಕೊಡಿಸಬೇಕೆಂದು ಅಚ್ಯುತ ಈ ಪೆಟ್ಟಿಗೆಯನ್ನು ನನ್ನ ಮುಂದಿಟ್ಟಿದ್ದಾನೆ. ಮನೆಯಲ್ಲಿ ಇದನ್ನು ನನಗೆ ತೋರಿಸಿರಲಿಲ್ಲ. ರಿಬ್ಬನ್ ಕಟ್ಟಿ ಆಗಿದೆ ಎಂದರು. ನೋಡಿ, ಈಗ ನಿಮ್ಮೆದುರಿಗೇ ರಿಬ್ಬನ್ ಬಿಚ್ಚುತ್ತಿದ್ದೇನೆ. ದೀಪ ಎಷ್ಟು ಸೊಟ್ಟಗಿದೆ ಎಂದು ಇಂಜಿನಿಯರ್ ಸಾಹೇಬರೇ ನೋಡಿ ಹೇಳಲಿ.

ಇಲ್ಲಿ ಇನ್ನೊಂದು ತಪ್ಪೂ ಇದೆ. ಕೀ ಕೊಡುವ ಗುಂಡಿ ಎಡಗಡೆ ಇದೆ. ಉಳಿದ ಮೂವತ್ತನಾಲ್ಕರಲ್ಲಿ ಬಲಗಡೆ ಇತ್ತು, ನಾನೇ ನೋಡಿದ್ದೆ. ಇದರಲ್ಲಿ ಮಾತ್ರ ಯಂತ್ರವನ್ನು ತಿರುಗಿಸಿ ಕೂರಿಸಿ, ಅದಕ್ಕೆ ತಕ್ಕಂತೆ ಬೇರೆಯೇ ಡಯಲು ಹಾಕಿಸಿದ್ದಾರೆ. ಇದು ಕೈತಪ್ಪಿ ಆಗುವ ಕೆಲಸವಲ್ಲ. ಎಡಗೈಗೆ ಕಟ್ಟಿದರೆ ಗುಂಡಿ ಮೊಣಕೈ ಕಡೆಗೆ ಹೋಗುತ್ತದೆ, ಕೀ ಕೊಡಲು ಬರುವುದಿಲ್ಲ. ಇಂಥದ್ದನ್ನು ಯಾರು ಕಟ್ಟಿಕೊಳ್ಳುತ್ತಾರೆ? ಬಲಗೈಗೆ ವಾಚು ಕಟ್ಟುವವರು ಮಾತ್ರ. ಬಲಗೈಗೆ ಕಟ್ಟುವವರು ಯಾರು? ಎಡಗೈಯಲ್ಲಿ ಕೆಲಸ ಮಾಡುವವರು.

ಬೆಲ್ಟು ಕೂಡ ಹೆಂಗಸರ ಅಳತೆಯದು.

ಸಭಿಕರು ಒಂದು ಕ್ಷಣ ಕ್ಷಮಿಸಬೇಕು.

ನನ್ನ ಹಾಳೆಯಲ್ಲಿ ಮುಂದಿನ ವಾಕ್ಯ, 'ಈ ತಪ್ಪನ್ನು ತಿದ್ದಿದ ಮೇಲೆಯೇ ವಾಚುಗಳನ್ನು ಕೊಡತಕ್ಕದ್ದು' ಎಂದಿದೆ. ಹಾಳೆಯನ್ನು ಮಡಿಸಿಡುತ್ತೇನೆ. ಇನ್ನು ಹೇಳುವುದು ಬರೆದುಕೊಂಡು ಬಂದದ್ದಲ್ಲ.

ಕಾರ್ಕಳದ ನಮ್ಮ ಮನೆಯಲ್ಲಿ ಎಡಗೈಯಲ್ಲಿ ತುತ್ತು ಎತ್ತಿದರೆ ನನಗೆ ಪೆಟ್ಟು ಬೀಳುತ್ತಿತ್ತು. ಅದೇ ಎಡಗೈಯಲ್ಲಿ ಮೂಗುಬೊಟ್ಟಿಗೆ ಹರಳು ಕೂರಿಸಿದರೆ ಅಪ್ಪ ನೋಡಿಯೂ ನೋಡದವರಂತೆ ಇರುತ್ತಿದ್ದರು. ಹರಳು ನೆಟ್ಟಗೆ ಕೂರುತ್ತಿತ್ತು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಆ ಕೈಗೆ ಚಾಕು, ಸೌಟು ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ನಲವತ್ತೊಂಬತ್ತನೆಯ ಇಸವಿಯ ಒಂದು ಮಧ್ಯಾಹ್ನ. ಅಂಗಡಿಯ ಹಿಂದೆಯೇ ನಮ್ಮ ಮನೆ, ನಡುವೆ ಒಂದು ಪರದೆ. ಊಟಕ್ಕೆ ಕರೆಯಲು ಹೋದಾಗ ಅವರು ಮೇಜಿನ ಮೇಲೆ ಬೆರಳಾಡಿಸುತ್ತಿದ್ದರು.

"ಕಾಮಾಕ್ಷಿ, ಇಲ್ಲೊಂದು ತಿರುಪು ಬಿದ್ದಿದೆ, ಎಲ್ಲಿ ಉಂಟು ನೋಡು."

"ನಿಮ್ಮ ಬೆರಳಿನ ಕೆಳಗೇ ಉಂಟಲ್ಲ."

ಅವರು ಕೈ ಎತ್ತಲಿಲ್ಲ. ತಿರುಪನ್ನು ಹಾಗೇ ಒತ್ತಿ ಹಿಡಿದು, "ಎಷ್ಟು ದಿನದಿಂದ ಹೀಗೆ ಎಂದು ಕೇಳಬೇಡ. ಯಾರಿಗೂ ಹೇಳಬೇಡ" ಎಂದರು.

"ಹೇಳುವುದಿಲ್ಲ. ಆದರೆ ಸಂಜೆಗೆ ರೈಲ್ವೆ ಗಾರ್ಡ್ ಬರ್ತಾನೆ, ಅವನ ಜೇಬುಗಡಿಯಾರಕ್ಕೆ."

"ನಿನ್ನ ಕೈ ನಡುಗ್ತದಾ?"

"ಅಕ್ಕಸಾಲಿಗನ ಮಗಳ ಹತ್ತಿರ ಕೇಳುವ ಮಾತಾ ಇದು?"

ಅವರು ಆ ಗಡಿಯಾರವನ್ನು ಕಿವಿಗೆ ಹಿಡಿದರು. ಯಾವ ಚಕ್ರ ಉಜ್ಜುತ್ತಿದೆ, ಯಾವ ಹಲ್ಲು ಸವೆದಿದೆ ಎಂದು ಕೇಳಿಯೇ ಹೇಳಿದರು. ನಾನು ಚಿಮಟ ಹಿಡಿದೆ. ಎಲ್ಲ ಮುಗಿದ ಮೇಲೆ, "ನನ್ನ ಗುರುತು ಹಾಕು. ಗಿರಾಕಿ ನನ್ನ ಹೆಸರಿಗೆ ಕೊಟ್ಟದ್ದು" ಎಂದರು. ಹಾಕಿದೆ. ಹಣತೆ ಸರಿಯಾಗಿ ಬಂತು. ಉರಿ ಎಡಕ್ಕೆ ವಾಲಿತು. ಅವರಿಗೆ ಕಾಣಿಸಲಿಲ್ಲ, ನಾನೂ ಹೇಳಲಿಲ್ಲ. ಬಲಕ್ಕೆ ವಾಲಿಸಲು ಕಲಿಯಬಹುದಿತ್ತು. ಅಷ್ಟು ಸಣ್ಣ ಚಕ್ರಗಳನ್ನು ಕಲಿತವಳಿಗೆ ಒಂದು ಗೀಟು ಬರುತ್ತಿರಲಿಲ್ಲವೆ? ನಾನು ಕಲಿಯಲಿಲ್ಲ. ಕಲಿಯಲು ಮನಸ್ಸು ಮಾಡಲಿಲ್ಲ ಎಂದರೆ ಹೆಚ್ಚು ನಿಜ.

ಅಲ್ಲಿಂದ ಅವರು ತೀರಿಕೊಳ್ಳುವವರೆಗೆ ಹನ್ನೊಂದು ವರ್ಷ ಹೀಗೆಯೇ ನಡೆಯಿತು. ಅವರು ಮುಂದೆ, ಕಾಣದ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ವಾಚುಗಳನ್ನು ಕಿವಿಗೆ ಹಿಡಿದು. ನಾನು ಪರದೆಯ ಹಿಂದೆ. ನಮ್ಮ ಅಚ್ಯುತನನ್ನು ಅಹಮದಾಬಾದಿಗೆ, ಹೋಟೆಲು ನಡೆಸುತ್ತಿದ್ದ ನನ್ನ ತಮ್ಮನ ಮನೆಗೆ, ಓದಲೆಂದು ಕಳಿಸಿದೆವು. ಅಲ್ಲಿ ಶಾಲೆ ಒಳ್ಳೆಯದು ಎಂದು ಅವನಿಗೆ ಹೇಳಿದ್ದೆ. ಬರೋಡದ ಶಾಲೆಗಳು ಕೆಟ್ಟದಾಗಿರಲಿಲ್ಲ, ಅಚ್ಯುತ. ಮನೆಯಲ್ಲಿ ನೋಡುವ ಕಣ್ಣು ಒಂದು ಕಡಿಮೆಯಾಗಲಿ ಎಂದು ಕಳಿಸಿದ್ದು. ಇದನ್ನು ನಿನಗೆ ಮನೆಯಲ್ಲಿ ಹೇಳಬೇಕಿತ್ತು. ಇಲ್ಲಿ ಹೇಳುತ್ತಿದ್ದೇನೆ.

ಅಧ್ಯಕ್ಷರು ತಮ್ಮ ಭಾಷಣದಲ್ಲಿ ಒಂದು ಮಾತು ಹೇಳಿದರು. ಐವತ್ತಮೂರರಲ್ಲಿ ನಾರಾಯಣ ಆಚಾರ್ಯರು ಮಾಡಿಕೊಟ್ಟ ಅವರ ವಾಚು ಇಂದಿಗೂ ಒಂದು ನಿಮಿಷ ತಪ್ಪಿಲ್ಲ, ಅಂಥ ಕೈ ಇನ್ನು ಹುಟ್ಟುವುದಿಲ್ಲ ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನು ತಟ್ಟಲಿಲ್ಲ, ಮುಖ ಗಂಟು ಹಾಕಿಕೊಂಡು ಕೂತಿದ್ದೆ. ಅಹಂಕಾರ ಎಂದು ಕೆಲವರಾದರೂ ಅಂದುಕೊಂಡಿರಬೇಕು. ತನಗೆ ತಾನೇ ಚಪ್ಪಾಳೆ ತಟ್ಟಿಕೊಳ್ಳುವುದನ್ನು ನಮ್ಮ ಮನೆಯಲ್ಲಿ ಕಲಿಸಿರಲಿಲ್ಲ, ರಾಯರೇ. ನಾಳೆ ಅದರ ಮುಚ್ಚಳ ತೆಗೆಸಿ ನೋಡಿ. ನಿಮ್ಮ ವಾಚಿನ ಹೇರ್‌ಸ್ಪ್ರಿಂಗ್ ಎಂಬ ಕೂದಲೆಳೆಯಂಥ ಸುರುಳಿಯ ಸಿಕ್ಕು ಬಿಡಿಸಲು ನನಗೆ ಎರಡು ಮಧ್ಯಾಹ್ನ ಹಿಡಿದವು. ಒಂದು ದಿನ ಅನ್ನ ತಳ ಹಿಡಿದಿತ್ತು. "ಕಮರು ವಾಸನೆ ಬರ್ತಾ ಉಂಟಲ್ಲ, ಪರವಾಗಿಲ್ಲ, ವಾಚು ನಡೀತಾ ಉಂಟು" ಎಂದು ಅದನ್ನೇ ಉಂಡರು ನಮ್ಮವರು.

ಕಣ್ಣು ಹೋದ ರಿಪೇರಿಯವನ ಕೈಗೆ ಯಾರು ವಾಚು ಕೊಡುತ್ತಾರೆ? ಹೆಂಗಸಿನ ಕೈಗೆ ಯಾರು ಕೊಡುತ್ತಾರೆ? ಈ ಎರಡು ಪ್ರಶ್ನೆಗಳಿಗೆ ಹೆದರಿ, ಅವರು ಹೋದ ಮೇಲೂ ಹದಿನೇಳು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅವರ ಹೆಸರಿಗೆ ಕುಂದು ಬಂದೀತು ಎಂದು, ದೀಪ ಎಡಕ್ಕೆ ವಾಲಿದ್ದನ್ನು ಕಂಡಕೂಡಲೇ ಸೊಸೆಯ ಮೇಲೆ ಕತ್ತಿ ಮಸೆದೆ. ಯಾರಿಗೋ ತಿಳಿದುಹೋಯಿತು ಎಂಬ ಭಯಕ್ಕೆ ತಪ್ಪು ಹುಡುಕುವ ವೇಷ ಹಾಕಿದೆ. ಅವಳು ನಲವತ್ತೊಂಬತ್ತರ ಹಿಂದಿನ ಗುರುತುಗಳನ್ನೂ ಮುಂದಿನ ಗುರುತುಗಳನ್ನೂ ಅಕ್ಕಪಕ್ಕ ಇಟ್ಟು, ನಾನು ಬೀನ್ಸ್ ಹೆಚ್ಚುವುದನ್ನು ನೋಡಿ, ಎಲ್ಲವನ್ನೂ ತಿಳಿದುಕೊಂಡಿದ್ದಾಳೆ. ತಿಳಿದೂ ಗಂಡನಿಗೆ ಹೇಳಿಲ್ಲ, ಊರಿಗೆ ಸಾರಿಲ್ಲ. ಅಚ್ಯುತನ ಮುಖ ನೋಡಿದರೆ ಅವನಿಗೆ ಇದು ಈಗಲೇ ಗೊತ್ತಾಗುತ್ತಿದೆ. ಎರಡು ಗುರುತುಗಳಲ್ಲಿ ಒಂದನ್ನು ಆರಿಸಿ ಚಿನ್ನದ ಮೇಲೆ ಕೊರೆಸಿದಳು, ಒಂದನೇ ನಂಬರಿನದನ್ನು ಗುಟ್ಟಾಗಿ ನನ್ನ ಕೈಗೆ ತಕ್ಕಂತೆ ಮಾಡಿಸಿ ರಿಬ್ಬನ್ ಕಟ್ಟಿದಳು, ಅಷ್ಟೇ. ಹೇಳುವುದೋ ಬಿಡುವುದೋ ಎನ್ನುವುದನ್ನು ನನಗೇ ಬಿಟ್ಟಳು.

ಆ ಹನ್ನೊಂದು ವರ್ಷಗಳಲ್ಲಿ ರಿಪೇರಿಯಾದ ವಾಚು ಈಗ ಯಾರಿಗಾದರೂ ಬೇಡ ಎನಿಸಿದರೆ ಅಂಗಡಿಗೆ ತನ್ನಿ. ಒಂದೂ ಬರುವುದಿಲ್ಲ ಎಂದು ನನಗೆ ಗೊತ್ತು. ಆಗಲೂ ಒಂದೂ ವಾಪಸು ಬಂದಿರಲಿಲ್ಲ. ಕೇಳಿದ ಕಿವಿ ಅವರದು, ಹಿಡಿದ ಕೈ ನನ್ನದು. ಯಾವುದು ದೊಡ್ಡದು ಎಂದು ನಾವಿಬ್ಬರೂ ಒಂದು ದಿನವೂ ಮಾತಾಡಿರಲಿಲ್ಲ. ನೀವೂ ಆ ಚರ್ಚೆಗೆ ಹೋಗಬೇಡಿ.

ಇಂಜಿನಿಯರ್ ಹರಿಪ್ರಸಾದರೇ, ತಾವು ಮನ್ನಿಸಬೇಕು. ಒಂದನೇ ನಂಬರಿನ ವಾಚು ನಿಮಗೆ ಸಿಗುವುದಿಲ್ಲ. ಎರಡನೆಯದನ್ನು ಅಚ್ಯುತ ಕೊಡುತ್ತಾನೆ. ಅದರ ಚಿನ್ನವೂ ಹದಿನಾಲ್ಕೇ. ಇದನ್ನು ನಾನು ಬಲಗೈಗೆ ಕಟ್ಟಿಕೊಳ್ಳುತ್ತಿದ್ದೇನೆ. ಕೊಂಡಿಯ ರಂಧ್ರ ಕೂಡ ಸರಿಯಾಗಿದೆ. ನನ್ನ ಮಣಿಕಟ್ಟಿನ ಅಳತೆಯನ್ನು ಇವಳು ಯಾವಾಗ ತೆಗೆದುಕೊಂಡಳೋ ತಿಳಿಯದು. ಬಳೆಗಾರ ಬಂದ ದಿನವೇ ಇರಬೇಕು. ಅಂದು ನನ್ನ ಪಕ್ಕದಲ್ಲೇ ಕೂತಿದ್ದಳು.

ಗಿರಿಜಾ, ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂರಬೇಡ. ನೆಟ್ಟಗೆ ಕೂತುಕೋ. ಗುಂಡಿ ತುಸು ಬಿಗಿಯಾಗಿದೆ, ಅದನ್ನು ಮನೆಯಲ್ಲಿ ಸರಿಮಾಡೋಣ. ನಿನಗೂ ಚಿಮಟ ಹಿಡಿಯುವುದನ್ನು ಕಲಿಸುತ್ತೇನೆ. ಬಲಗೈಯವರಿಗೆ ಸ್ವಲ್ಪ ಹೆಚ್ಚು ದಿನ ಬೇಕಾದೀತು.

ನನ್ನ ಹತ್ತು ನಿಮಿಷ ಮೀರಿದೆ. ಸಹಿಸಿದ ಅಧ್ಯಕ್ಷರಿಗೆ, ವಾಚು ಬಿಟ್ಟುಕೊಟ್ಟ ಅತಿಥಿಗಳಿಗೆ, ಅನುಮಾನದ ಮುದುಕಿಯ ಮಾತನ್ನು ಕದಲದೆ ಕೇಳಿದ ನಿಮಗೆಲ್ಲ ನನ್ನ ಕೃತಜ್ಞತೆಗಳು. ಸಂಘದ ಕಾರ್ಯದರ್ಶಿಗಳು ನಾಳೆ ಬೆಳಿಗ್ಗೆ ಆ ಗೋಡೆಯ ಗಡಿಯಾರವನ್ನು ಇಳಿಸಿ ಅಂಗಡಿಗೆ ಕಳಿಸಿಕೊಡಲಿ. ನಾನೇ ಸರಿಮಾಡಿ, ಒಳಗೆ ಗುರುತು ಹಾಕಿ ಕೊಡುತ್ತೇನೆ. ಉರಿ ಯಾವ ಕಡೆಗೆ ವಾಲುತ್ತದೆ ಎಂದು ಇನ್ನು ನಿಮಗೆಲ್ಲ ಗೊತ್ತು.

ನಮಸ್ಕಾರ.