ಗುಡ್ಡದ ಹಸಿರು ಕಲ್ಲು

ಬಣಕಲ್ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದ ವಿಮಲಮ್ಮನವರ ಪಕ್ಕದಲ್ಲೇ, ಭೂವಿಜ್ಞಾನ ಓದುವ ಹುಡುಗಿಯೊಬ್ಬಳು ತನ್ನ ಅಜ್ಜಿಯ ಕೈಗೆ ಹಸಿರು ಕಲ್ಲೊಂದನ್ನು ಕೊಟ್ಟಳು.

“ಉಗುರಲ್ಲಿ ಗೀರಿ ನೋಡಜ್ಜಿ.”

“ಅಯ್ಯೋ, ಪುಡಿ ಬರುತ್ತಲ್ಲೇ ಕುಸುಮಾ! ಎಲ್ಲೀದು ಇದು?”

“ತೋಟದ ಗೌಡ್ರು ಕೆಲಸದೋರು ನಮಗೆಲ್ಲ ಸಾಲಾಗಿ ಹೊಸ ಲೈನ್‌ಮನೆ ಕಟ್ಟಿಸ್ತಾರಲ್ಲ, ಅದರ ಹಿಂದಿನ ಗುಡ್ಡದ್ದು. ಮೊದಲು ಗಟ್ಟಿ ಕಪ್ಪುಕಲ್ಲೇ ಆಗಿತ್ತು. ಯಾವ ಕಾಲದಲ್ಲೋ ಬಿಸಿನೀರು ಹೊಕ್ಕು ಒಳಗಿನ ಖನಿಜಾನೇ ಬದಲಾಗಿದೆ. ಈಗ ಮಳೇಲಿ ನೆನೆದ್ರೆ ಗುಡ್ಡಾನೇ ಜಾರುತ್ತೆ.”

“ಗೌಡ್ರಿಗೆ ಹೇಳ್ಬೇಕಲ್ಲ!”

“ನಾನು ಹೇಳಿದ್ರೆ ಕೇಳ್ತಾರಾ?”

“ನೀನು ಕಲ್ಲಿನ ವಿಚಾರ ಹೇಳು. ಪಾಯ ಬೇರೆ ಕಡೆ ತೆಗೀರಿ ಅಂತ ನಾನು ಹೇಳ್ತೀನಿ. ಅಲ್ಲಿ ಮಲಗೋರು ನಾವು.”

ಬಸ್ಸು ಬಂತು. ಅಜ್ಜಿಯೇ ಮೊದಲು ಹತ್ತಿದಳು. ಗೌಡರು ಒಪ್ಪದೆ ವಿಧಿಯಿಲ್ಲ ಎಂದು ವಿಮಲಮ್ಮನವರಿಗೆ ಅನ್ನಿಸಿತು.